ಚೆಂಡಿಗೆ ಹತ್ತಿದ ಸುಣ್ಣ

“ತಪ್ಪು ಅವರ್ದು ಆದ ಮ್ಯಾಲೆ ಮಾಫಿ ನಾ ಯಾಕ ಕೇಳ್ಬೇಕ್ರಿ ಸರ್?” ಎಂದು ನಮ್ಮ ಶಾಲೆಯ ಹತ್ತನೇ ತರಗತಿಯ ಹುಡುಗನೊಬ್ಬ ಕ್ರೀಡಾ ಸಾಮಗ್ರಿಗಳ ಕೋಣೆಯಲ್ಲಿ ಕಿಟಕಿಯ ಸರಳು ಹಿಡಿದು ನಿಂತು, ನನ್ನ ಮುಖ ನೋಡದೆ ಕೇಳಿದ್ದು ಮೂರು ವರ್ಷದ ಹಿಂದೆ. ಕಲಬುರಗಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 22 ವರ್ಷದಿಂದ ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ನನಗೆ ಇಂಥ ಪ್ರಶ್ನೆಗಳಿಗೆ ಥಟ್ಟನೆ ಉತ್ತರ ಕೊಟ್ಟು ರೂಢಿ. ರೆಫರಿಯ ಮಾತೇ ಕೊನೆ, ಹಿರಿಯರಿಗೆ ಎದುರು ಮಾತಾಡಬಾರದು, ಆಟವೆಂದ ಮೇಲೆ ಸೋಲು ಗೆಲುವು ಇದ್ದದ್ದೇ ಎಂಬ ಮೂರು ವಾಕ್ಯಗಳನ್ನು ನಾನು ಎಷ್ಟು ತಂಡಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅಂದು ಆ ಮೂರರಲ್ಲಿ ಒಂದೂ ನನ್ನ ಬಾಯಿಂದ ಹೊರಡಲಿಲ್ಲ. ಹುಡುಗ ಹೇಳುತ್ತಿದ್ದುದರಲ್ಲಿ ಅರ್ಧ ಖರೆ ಇತ್ತು, ಅವನು ಮಾಡಿದ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಅವನನ್ನು ಆಗ ತರಗತಿಗೆ ಕಳಿಸಿದೆನಾದರೂ ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು, ಮತ್ತು ಪ್ರತಿ ವರ್ಷ ಆಗಸ್ಟ್ ಬಂದು ತಾಲೂಕು ಮಟ್ಟದ ಪಂದ್ಯಗಳ ವೇಳಾಪಟ್ಟಿ ಕೈಗೆ ಸಿಕ್ಕಾಗ ಅದು ಮತ್ತೆ ಎದ್ದು ಬರುತ್ತದೆ.

ಕೊನೆಯ ಅಂಕ

ನಮ್ಮ ಕಡೆ ಶಾಲಾ ಕ್ರೀಡಾಕೂಟಗಳು ನಡೆಯುವುದು ಮಳೆಗಾಲದಲ್ಲಿಯೇ. ನೆಲ ಎರೆ ನೆಲ. ಮಳೆ ನಿಂತು ಎರಡು ದಿನವಾದರೂ ಒಳಗೆ ಹಸಿ ಉಳಿದಿರುತ್ತದೆ, ಮೇಲೆ ಹಾಕಿದ ಸುಣ್ಣದ ಗೆರೆ ಬೆಳಿಗ್ಗೆ ಬೆಳ್ಳಗೆ ಎದ್ದು ಕಂಡರೂ ಮಧ್ಯಾಹ್ನದ ಹೊತ್ತಿಗೆ ಹುಡುಗರ ಕಾಲಿಗೆ ಸಿಕ್ಕು ಬೂದು ಬಣ್ಣದ ಕೆಸರಾಗಿರುತ್ತದೆ. ವಾಲಿಬಾಲ್ ಅಂಗಣದ ಗೆರೆ 5 ಸೆಂಟಿಮೀಟರ್ ಅಗಲವಿರಬೇಕೆಂದು ನಿಯಮ ಹೇಳುತ್ತದೆ. ನಮ್ಮ ಗೆರೆ ಮೂರನೇ ಸೆಟ್ಟಿನ ಹೊತ್ತಿಗೆ ಗೇಣಗಲ ಹರಡಿಕೊಂಡಿತ್ತು. ಗೆರೆಯೂ ಅಂಗಣದ ಭಾಗವೇ ಆದ್ದರಿಂದ ಚೆಂಡು ಅದರ ಅಂಚನ್ನು ಮುಟ್ಟಿದರೂ ಒಳಗೆ ಬಿದ್ದಂತೆಯೇ ಲೆಕ್ಕ. ಆದರೆ ಅಂಚು ಯಾವುದೆಂದು ತಿಳಿಯದ ಕಡೆ ಆ ನಿಯಮ ಯಾರಿಗೂ ಸಹಾಯ ಮಾಡುವುದಿಲ್ಲ. ಇಂಥ ನೆಲದಲ್ಲಿ ಗೆರೆಯ ಬದಲು ನಾಡಾ ಎಳೆದು ಮೊಳೆ ಹೊಡೆಯಬೇಕೆಂದು ನಾವೆಲ್ಲ ಪ್ರತಿ ವರ್ಷ ಮಾತಾಡುತ್ತೇವೆ, ಮತ್ತು ಪ್ರತಿ ವರ್ಷ ಸುಣ್ಣದ ಚೀಲವನ್ನೇ ತರುತ್ತೇವೆ.

ಅದು 17 ವರ್ಷದೊಳಗಿನ ಹುಡುಗರ ತಾಲೂಕು ಫೈನಲ್. ನಮ್ಮ ತಂಡದ ಏಳೆಂಟು ಹುಡುಗರ ತಂದೆಯರು ಫರ್ಸಿ ಕಲ್ಲಿನ ಗಣಿಗಳಲ್ಲಿ ದುಡಿಯುವವರು. ಒಬ್ಬಿಬ್ಬರದು ತೊಗರಿ ಬೆಳೆಯುವ ಸಣ್ಣ ಹೊಲ. ಗೆದ್ದರೆ ಜಿಲ್ಲಾ ಮಟ್ಟ. ಜಿಲ್ಲಾ ಮಟ್ಟವೆಂದರೆ ಅವರಿಗೆ ಕಲಬುರಗಿ, ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಒಳಗೆ ಕಾಲಿಡುವುದು. ಅಲ್ಲಿಯೂ ಗೆದ್ದರೆ ಬೀದರ್‌ನಿಂದ ಹಿಡಿದು ಬಳ್ಳಾರಿ, ವಿಜಯನಗರದವರೆಗಿನ 7 ಜಿಲ್ಲೆಗಳ ತಂಡಗಳ ಜೊತೆ ವಿಭಾಗ ಮಟ್ಟದಲ್ಲಿ ಆಡುವುದು. ಹದಿನಾರು ವರ್ಷದ ಹುಡುಗನಿಗೆ ಆ ಒಂದು ಅಂಕದ ಹಿಂದೆ ಎಷ್ಟು ದೊಡ್ಡ ಊರು ನಿಂತಿತ್ತೆಂಬುದನ್ನು ಮರೆತು ಮುಂದಿನದನ್ನು ಹೇಳಿದರೆ ಅವನಿಗೆ ಅನ್ಯಾಯವಾಗುತ್ತದೆ.

ಮೂರನೇ ಸೆಟ್ಟಿನಲ್ಲಿ ಎದುರಾಳಿಗಳು 14, ನಾವು 13. ನಮ್ಮ ಹುಡುಗ ಎಡಗಡೆಯಿಂದ ಹಾರಿ ಹೊಡೆದ ಚೆಂಡು ಎದುರಿನ ಹಿಂಬದಿ ಗೆರೆಯ ಹತ್ತಿರ ಬಿತ್ತು. ಆ ಮೂಲೆಯಲ್ಲಿ ಲೈನ್ ಜಡ್ಜ್ ಆಗಿ ನಿಂತಿದ್ದವನು ಪಂದ್ಯ ನಡೆಸಿದ ಶಾಲೆಯ ಒಂಬತ್ತನೇ ತರಗತಿಯ ಹುಡುಗ. ಅವನ ಕೈಯಲ್ಲಿ ಕೋಲಿಗೆ ಸುತ್ತಿದ ಕೆಂಪು ಬಟ್ಟೆಯಿತ್ತು. ಒಳಗಾದರೆ ಧ್ವಜ ಕೆಳಗೆ, ಹೊರಗಾದರೆ ಮೇಲೆ. ಒಂದು ಕ್ಷಣ ಧ್ವಜ ಎತ್ತಲೂ ಹೋಗಲಿಲ್ಲ, ಅನಂತರ ಅದು ನಿಧಾನವಾಗಿ ಮೇಲೇರಿತು. ರೆಫರಿಯವರು ಸೀಟಿ ಊದಿ ಎರಡೂ ಮುಂಗೈಗಳನ್ನು ಮೇಲಕ್ಕೆ ಮಡಿಸಿ ಹೊರಗೆಂದು ತೋರಿಸಿದರು. 15–13, ಪಂದ್ಯ ಮುಗಿಯಿತು. ನಮ್ಮ ನಾಯಕ ಬಲೆಯ ಕೆಳಗಿಂದ ನುಸುಳಿ ಓಡಿ ಹೋಗಿ ಚೆಂಡನ್ನೆತ್ತಿಕೊಂಡು ಬಂದ. ಚೆಂಡಿನ ಒಂದು ಮಗ್ಗುಲಿಗೆ ಸುಣ್ಣ ಹತ್ತಿತ್ತು. “ಬಾಲ್ ಗೆರಿ ಮ್ಯಾಲೇ ಬಿದ್ದದರಿ ಸರ್, ಸುಣ್ಣ ನೋಡ್ರಿ” ಎಂದು ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

ನಾನು ನಿಂತಿದ್ದ ಜಾಗದಿಂದ ನೋಡಿದ್ದು, ಚೆಂಡು ಗೆರೆಯ ಮೇಲೆಯೇ ಬಿದ್ದಿತ್ತು. ಇವತ್ತಿಗೂ ನನ್ನ ನಂಬಿಕೆ ಅದೇ. ಆದರೆ ಮಧ್ಯಾಹ್ನದಿಂದ ಅದೇ ಚೆಂಡು ಅದೇ ಕೆಸರಿನಲ್ಲಿ ಉರುಳಿತ್ತು. ಆ ಸುಣ್ಣ ಮೊದಲೇ ಹತ್ತಿದ್ದಲ್ಲವೆಂದು ಪ್ರಮಾಣ ಮಾಡಿ ಹೇಳುವುದು ನನ್ನಿಂದಾಗದು.

ಆಮೇಲಿನದು ಅರ್ಧ ನಿಮಿಷದ ಮಾತು. ವಾಲಿಬಾಲ್‌ನ ಮೊದಲ ರೆಫರಿ ಬಲೆಯ ಒಂದು ತುದಿಯಲ್ಲಿ ಎತ್ತರದ ಕಟ್ಟೆಯ ಮೇಲೆ ನಿಂತು, ಬಲೆಗಿಂತ ಸುಮಾರು ಅರ್ಧ ಮೀಟರ್ ಮೇಲಿನಿಂದ ನೋಡಬೇಕು. ನಮ್ಮಲ್ಲಿ ಆ ಕಟ್ಟೆಯೆಂದರೆ ತರಗತಿಯಿಂದ ಹೊತ್ತು ತಂದ ಡೆಸ್ಕುಗಳು, ಒಂದರ ಮೇಲೊಂದು. ನಮ್ಮ ನಾಲ್ಕು ಹುಡುಗರು ಅದರ ಸುತ್ತ ಹೋಗಿ ನಿಂತರು, ಹಿಂದೆಯೇ ಊರಿನ ಹತ್ತಿಪ್ಪತ್ತು ಜನ ಬಂದರು. ಬೈಗುಳ ಶುರುವಾಯಿತು. ಹಾರಿ ಹೊಡೆದಿದ್ದ ಆ ಹುಡುಗ ಕೆಳಗಿನ ಡೆಸ್ಕನ್ನು ಎರಡೂ ಕೈಯಿಂದ ಹಿಡಿದು ಅಳ್ಳಾಡಿಸಿದ. ಮೇಲೆ ನಿಂತಿದ್ದ ರೆಫರಿಯವರು ಬಲೆಯ ಕಂಬವನ್ನು ತಬ್ಬಿಕೊಂಡರು. ಪಕ್ಕದ ತಾಲೂಕಿನ ಒಂದು ಶಾಲೆಯಲ್ಲಿ ನನ್ನಂತೆಯೇ ಮಕ್ಕಳಿಗೆ ಆಟ ಕಲಿಸುವ, ನನಗಿಂತ ನಾಲ್ಕೈದು ವರ್ಷ ಹಿರಿಯರಾದ ಮನುಷ್ಯ. ಹುಡುಗ ಎರಡನೇ ಸಲ ಅಳ್ಳಾಡಿಸುವಷ್ಟರಲ್ಲಿ ನಮ್ಮದೇ ತಂಡದ ಇಬ್ಬರು ಹುಡುಗರು ಅವನನ್ನು ಹಿಂದಕ್ಕೆ ಎಳೆದರು. ನಾನು ತಲುಪಿದ್ದು ಅದಾದ ಮೇಲೆ.

ಆ ರಾತ್ರಿ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದರ ವಿಡಿಯೊ ಬಂತು. ಚೆಂಡು ಬಿದ್ದದ್ದು ಅದರಲ್ಲಿ ಇರಲಿಲ್ಲ, ಡೆಸ್ಕು ಅಳ್ಳಾಡಿದ್ದು ಇತ್ತು. ಅದಕ್ಕಿಂತ ಮೊದಲು, ವಿಡಿಯೊದ ಅಂಚಿನಲ್ಲಿ, ನಾನೂ ಇದ್ದೆ. ಸೀಟಿಯ ಸದ್ದು ನಿಂತ ಕೂಡಲೇ ನಾನು ಎರಡೂ ಕೈ ಮೇಲೆತ್ತಿ ಜನರ ಕಡೆಗೆ ತಿರುಗಿ, “ಇದ್ಯಾವ ರೆಫರಿಂಗ್ರಿ” ಎಂದಿದ್ದೆ. ಹೀಗೆ ಅಂದದ್ದು ನನಗೆ ನೆನಪೇ ಇರಲಿಲ್ಲ. ವಿಡಿಯೊವನ್ನು ನಾಲ್ಕೈದು ಸಲ ನೋಡಿದೆ. ನಮ್ಮ ಹುಡುಗರು ಮೊದಲು ರೆಫರಿಯನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ, ನನ್ನನ್ನು ನೋಡಿದ ಮೇಲೆ ಓಡುತ್ತಾರೆ.

ಅರವತ್ತು ಹೆಜ್ಜೆ

ನನಗೆ ಹೆಚ್ಚು ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ರೆಫರಿಯಾಗಿ ಜನರ ನಡುವೆ ಸಿಕ್ಕಿಕೊಳ್ಳುವುದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೆಲಸಕ್ಕೆ ಸೇರಿದ ಆರನೇ ವರ್ಷವೋ ಏಳನೇ ವರ್ಷವೋ, ಯಾದಗಿರಿ ಕಡೆಯ ಒಂದು ಹಳ್ಳಿಯಲ್ಲಿ ಕಬಡ್ಡಿ ಪಂದ್ಯಕ್ಕೆ ನಾನು ರೆಫರಿಯಾಗಿದ್ದೆ. ರೇಡ್‌ಗೆ ಹೋದ ಹುಡುಗ ಯಾರನ್ನೂ ಮುಟ್ಟುವ ಮೊದಲೇ ಲಾಬಿಗೆ, ಅಂದರೆ ಅಂಗಣದ ಅಂಚಿನ ಪಟ್ಟಿಗೆ, ಕಾಲಿಟ್ಟನೆಂದು ಔಟ್ ಕೊಟ್ಟೆ. ಮುಟ್ಟಿದ ಮೇಲೆ ಲಾಬಿಯೂ ಆಟದ ಅಂಗಣವೇ. ಮುಟ್ಟುವ ಮೊದಲು ಅದು ಹೊರಗೆ. ಬೆರಳು ತಾಗಿದ್ದು ಮೊದಲೋ ಕಾಲು ಹೋದದ್ದು ಮೊದಲೋ ಎಂಬುದಷ್ಟೇ ಜಗಳ. ನಾನು ನೋಡಿದ್ದು ಸರಿಯೆಂದೇ ಆಗ ನಂಬಿದ್ದೆ. ಪಂದ್ಯ ಮುಗಿದ ಮೇಲೆ ಅಂಗಣದಿಂದ ಮುಖ್ಯ ಗುರುಗಳ ಕೋಣೆಯವರೆಗೆ ಅರವತ್ತು ಹೆಜ್ಜೆ ಇರಬಹುದು, ಅಷ್ಟನ್ನು ನಾನು ಒಬ್ಬನೇ ನಡೆದೆ. ಯಾರೂ ಹೊಡೆಯಲಿಲ್ಲ. ಎಡಕ್ಕೂ ಬಲಕ್ಕೂ ಜನ ನಡೆಯುತ್ತಿದ್ದರು, ಕಿವಿಯ ಹತ್ತಿರ ಬಂದು ಅವ್ವ ಅಪ್ಪನನ್ನು ಎತ್ತಿ ಬೈಯುತ್ತಿದ್ದರು, ಒಬ್ಬ ಹಿಂದಿನಿಂದ ಕೈ ಹಾಕಿ ನನ್ನ ಕೊರಳಲ್ಲಿದ್ದ ಸೀಟಿಯ ದಾರವನ್ನು ಜಗ್ಗಿದ. ನನ್ನ ಜೊತೆಯ ಶಿಕ್ಷಕರು ಅಂಗಣದಲ್ಲೇ ಇದ್ದರು. ಒಬ್ಬರು ಸ್ಕೋರ್ ಶೀಟ್ ಮಡಿಸುತ್ತಿದ್ದರು, ಇನ್ನೊಬ್ಬರು ಟೇಪಿನ ಸುರುಳಿ ಸುತ್ತುತ್ತಿದ್ದರು, ಯಾರೂ ತಲೆ ಎತ್ತಲಿಲ್ಲ.

ಕೋಣೆಯ ಬಾಗಿಲಿಗೆ ಬಂದಾಗ ಬಿಸಿಯೂಟದ ಅಡುಗೆ ಮಾಡುವ ಹೆಣ್ಣುಮಗಳೊಬ್ಬಳು ಅಲ್ಲಿಗೆ ಬಂದಳು. “ಒಳಗ ಕುಂದರ್ರಿ ಮಾಸ್ತರ, ನೀರ ಕುಡೀರಿ” ಎಂದು ತಂಬಿಗೆ ಕೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲ ಮೇಲೆ ನಿಂತಳು. ಅವಳು ಯಾರಿಗೂ ಏನೂ ಅನ್ನಲಿಲ್ಲ. ಜನ ಕರಗುವವರೆಗೆ, ಹೆಚ್ಚುಕಡಿಮೆ ಮುಕ್ಕಾಲು ತಾಸು, ಹಾಗೆಯೇ ನಿಂತಿದ್ದಳು. ಕಬಡ್ಡಿಯ ನಿಯಮ ಪುಸ್ತಕದಲ್ಲಿ ರೆಫರಿ, ಇಬ್ಬರು ಅಂಪೈರ್‌ಗಳು, ಸ್ಕೋರರ್‌ಗಳು ಎಂದೆಲ್ಲ ಇದೆ. ಅಂದು ಒಬ್ಬ ಅಧಿಕಾರಿಯ ಜೊತೆ ಇನ್ನೊಬ್ಬರು ಮಾಡಬೇಕಾಗಿದ್ದ ಕೆಲಸವನ್ನು ಮಾಡಿದವಳ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ.

ನಮ್ಮ ಶಾಲಾ ಪಂದ್ಯಗಳ ರೆಫರಿಗಳು ಎಲ್ಲಿಂದಲೋ ಬಂದವರಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಬೆಳಿಗ್ಗೆ ತನ್ನ ಶಾಲೆಯ ತಂಡವನ್ನು ಕರೆತಂದ ಶಿಕ್ಷಕನೇ ಮಧ್ಯಾಹ್ನ ಬೇರೆ ತಂಡಗಳಿಗೆ ಸೀಟಿ ಹಿಡಿಯುತ್ತಾನೆ. ಇವತ್ತು ನಾನು ರೆಫರಿ, ನೀವು ತಂಡದ ವ್ಯವಸ್ಥಾಪಕರು; ನಾಳೆ ಅದು ತಿರುಗಿಮುರುಗಿ. ಇದರಿಂದ ಅನುಮಾನ ಹುಟ್ಟುವುದು ಸಹಜ. “ಆ ಮಾಸ್ತರಗ ಈ ಸಾಲಿ ಮ್ಯಾಲ ಹಳೇ ಸಿಟ್ಟದ” ಎಂಬ ಮಾತನ್ನು ಪಂದ್ಯ ಶುರುವಾಗುವ ಮೊದಲೇ ಜನ ಆಡಿಕೊಳ್ಳುತ್ತಾರೆ, ಅದನ್ನು ಹುಡುಗರು ಕೇಳಿಸಿಕೊಳ್ಳುತ್ತಾರೆ. ಫೈನಲ್ ಪಂದ್ಯಕ್ಕಾದರೂ ಪಕ್ಕದ ತಾಲೂಕಿನವರನ್ನು ಕರೆಸಬೇಕೆಂದು ನಾವು ಮಾಡಿಕೊಂಡ ಏರ್ಪಾಡಿನ ಪ್ರಕಾರವೇ ಆ ಹಿರಿಯರು ಅಂದು ಬಂದಿದ್ದರು. ಎರಡು ಬಸ್ಸು ಬದಲಿಸಿ, ರಜೆಯ ದಿನ ಬಿಟ್ಟು, ಯಾರ ಪಕ್ಷವೂ ಇಲ್ಲದವರಾಗಿ ಬಂದವರನ್ನೇ ನಾವು ಡೆಸ್ಕಿನ ಮೇಲೆ ನಿಲ್ಲಿಸಿ ಅಳ್ಳಾಡಿಸಿದ್ದೆವು.

ಎರಡು ಲೆಕ್ಕ

ಸಂಘಟಕರು ಶಾಲೆಯಿಂದ ವಿವರಣೆ ಕೇಳಿದರು. ಒಂದು ವರ್ಷ ತಂಡವನ್ನೇ ಹೊರಗಿಡಬೇಕೆಂಬ ಮಾತು ಬಂತು. ಅದು ಸರಿಯಲ್ಲವೆಂದು ನಾನು ಹೇಳಿದೆ, ಏಕೆಂದರೆ ಅಳ್ಳಾಡಿಸಿದವನು ಒಬ್ಬ, ಸುತ್ತುವರಿದವರು ನಾಲ್ವರು, ಹಿಡಿದು ಎಳೆದವರು ಇಬ್ಬರು. ಎಲ್ಲರಿಗೂ ಒಂದೇ ಶಿಕ್ಷೆಯಾದರೆ ಮುಂದಿನ ಸಲ ಎಳೆಯಲು ಯಾರೂ ಮುಂದೆ ಬರುವುದಿಲ್ಲ. ವಾಲಿಬಾಲ್‌ನ ನಿಯಮಗಳೂ ನಡತೆಯನ್ನು ಹೀಗೆಯೇ ಬಿಡಿಸಿ ನೋಡುತ್ತವೆ. ಒರಟುತನಕ್ಕೆ ಕೆಂಪು ಕಾರ್ಡು, ಎದುರಾಳಿಗೆ ಒಂದು ಅಂಕ ಮತ್ತು ಸರ್ವಿಸ್. ಅವಮಾನಿಸಿದರೆ ಹಳದಿ ಕೆಂಪು ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ತೋರಿಸಿ ಆ ಸೆಟ್ಟಿನಿಂದ ಹೊರಗೆ. ಮೈಮೇಲೆ ಹೋದರೆ ಅಥವಾ ಬೆದರಿಸಿದರೆ ಎರಡೂ ಕೈಯಲ್ಲಿ ಒಂದೊಂದು ಕಾರ್ಡು, ಇಡೀ ಪಂದ್ಯದಿಂದ ಹೊರಗೆ. ಆ ಕಾರ್ಡು ಬೀಳುವುದು ತಪ್ಪು ಮಾಡಿದವನ ಹೆಸರಿಗೆ. ಮುಂದಿನ ಎರಡು ಕೂಟಗಳಲ್ಲಿ ಆ ಹುಡುಗನನ್ನು ಆಡಿಸುವುದಿಲ್ಲವೆಂದು ಶಾಲೆಯಲ್ಲಿಯೇ ತೀರ್ಮಾನಿಸಿದೆವು. ನಾನೂ ಲಿಖಿತ ವಿವರಣೆ ಕೊಟ್ಟೆ, ಅದರಲ್ಲಿ ಕೈ ಎತ್ತಿದ್ದನ್ನೂ ಅಂದ ಮಾತನ್ನೂ ಬರೆದೆ.

ಉಳಿದದ್ದು ಕ್ಷಮೆ. ಮುಖ್ಯ ಗುರುಗಳು ಒಳ್ಳೆಯ ಮನಸ್ಸಿನಿಂದಲೇ ಒಂದು ಪತ್ರ ಬರೆಸಿದರು. ಅದರಲ್ಲಿ “ತಮ್ಮ ನಿರ್ಣಯ ಸರಿಯಾಗಿಯೇ ಇದ್ದು, ನಾವು ತಿಳಿಯದೆ ವಿರೋಧಿಸಿದೆವು” ಎಂಬ ಸಾಲಿತ್ತು. ಹುಡುಗ ಎಲ್ಲವನ್ನೂ ಓದಿ ಆ ಸಾಲಿನ ಹತ್ತಿರ ನಿಂತುಬಿಟ್ಟ. ಸಹಿ ಮಾಡುವುದಿಲ್ಲವೆಂದ. ಆಗ ಅವನನ್ನು ಕ್ರೀಡಾ ಕೋಣೆಗೆ ಕರೆದುಕೊಂಡು ಹೋದದ್ದು, ಅವನು ಕಿಟಕಿಯ ಸರಳು ಹಿಡಿದು ಆ ಪ್ರಶ್ನೆ ಕೇಳಿದ್ದು.

ಎರಡು ದಿನ ಯೋಚಿಸಿದ ಮೇಲೆ ನನಗೆ ತೋಚಿದ್ದಿಷ್ಟು. ನಾವು ದೊಡ್ಡವರು ಇಲ್ಲಿ ಎರಡು ಲೆಕ್ಕಗಳನ್ನು ಒಂದೇ ಪುಟದಲ್ಲಿ ಬರೆಯುತ್ತಿದ್ದೇವೆ. ಚೆಂಡು ಎಲ್ಲಿ ಬಿತ್ತು ಎಂಬುದು ಒಂದು ಲೆಕ್ಕ. ಡೆಸ್ಕನ್ನು ಯಾರು ಹಿಡಿದರು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಹುಡುಗನ ಮಾತು ಸರಿಯಿರಬಹುದು. ಹಾಗಿದ್ದರೂ ಎರಡನೆಯದರಲ್ಲಿ ಅವನ ಬಾಕಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಹಾಗೆಯೇ ಎರಡನೆಯದರಲ್ಲಿ ಅವನು ತಪ್ಪಿತಸ್ಥನೆಂಬ ಕಾರಣಕ್ಕೆ ಮೊದಲನೆಯದರಲ್ಲಿ ಅವನ ಬಾಯಿಂದ ಸುಳ್ಳು ಹೇಳಿಸುವ ಹಕ್ಕು ನಮಗೆ ಬರುವುದಿಲ್ಲ. ಕಣ್ಣಾರೆ ಕಂಡದ್ದನ್ನು ಕಾಣಲಿಲ್ಲವೆಂದು ಬರೆದು ಸಹಿ ಮಾಡಿದ ಹುಡುಗ ಕ್ಷಮೆ ಕೇಳುವುದನ್ನು ಕಲಿಯುವುದಿಲ್ಲ, ದೊಡ್ಡವರು ಕೇಳಿದ ಕಡೆ ಸಹಿ ಹಾಕುವುದನ್ನು ಕಲಿಯುತ್ತಾನೆ. ಇದನ್ನು ಮುಖ್ಯ ಗುರುಗಳಿಗೆ ಹೇಳಿದೆ. ಅವರು ಮೊದಲು ಒಪ್ಪಲಿಲ್ಲ. “ಹಂಗ ಬಿಟ್ರ ಇದು ಮಾಫಿ ಹ್ಯಾಂಗ ಆಗ್ತದರಿ? ಜಗಳನೇ ಮುಂದುವರೀತದ” ಎಂದರು. ಅವರ ಅಂಜಿಕೆಯೂ ಅಕಾರಣವಾದುದಲ್ಲ. ಕೊನೆಗೆ ಪತ್ರವನ್ನೇ ಬಿಟ್ಟು, ಹುಡುಗನನ್ನು ನಾನೇ ಕರೆದುಕೊಂಡು ಹೋಗಿ ಎದುರಿಗೆ ನಿಲ್ಲಿಸುವುದೆಂದು ತೀರ್ಮಾನವಾಯಿತು. ಅಲ್ಲಿ ಏನು ಹೇಳಬೇಕೆಂದು ಅವನಿಗೆ ಕಲಿಸಬಾರದೆಂದು ನನಗೆ ನಾನೇ ಹೇಳಿಕೊಂಡೆ.

ಶನಿವಾರ

ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊರಟು ನಾವು ಆ ರೆಫರಿಯವರ ಶಾಲೆ ತಲುಪಿದಾಗ ಒಂದೂವರೆಯಾಗಿತ್ತು. ಮಕ್ಕಳು ಹೋಗಿಯಾಗಿತ್ತು. ಬರುತ್ತೇವೆಂದು ನಾನು ಹಿಂದಿನ ದಿನ ಫೋನ್ ಮಾಡಿದ್ದರಿಂದ ಅವರು ಕಾಯುತ್ತಿದ್ದರು. ಕಾಯುವ ಹೊತ್ತಿನಲ್ಲಿ ಸೋಮವಾರದ ಅಭ್ಯಾಸಕ್ಕೆಂದು ಖೋ-ಖೋ ಅಂಗಣದ ಗೆರೆ ಹಾಕುತ್ತಿದ್ದರು. ಮೊಣಕೈವರೆಗೆ ಸುಣ್ಣ. ನಮ್ಮನ್ನು ಕಂಡು “ಬರ್ರಿ ಸರ್, ಬಾರಪಾ” ಎಂದು ಇಬ್ಬರನ್ನೂ ಕರೆದು, ಕೈ ತೊಳೆದುಕೊಂಡು, ಬೇವಿನ ಗಿಡದ ಕೆಳಗಿನ ಫರ್ಸಿ ಕಟ್ಟೆಯ ಮೇಲೆ ಕೂಡಿಸಿದರು. ಚಹಾಕ್ಕೆ ಹೇಳಿ ಕಳಿಸಿದರು. ಮೊದಲು ನಾನು ಮಾತಾಡಿದೆ. ಅಂದು ಹುಡುಗರನ್ನು ತಡೆಯಬೇಕಾಗಿದ್ದವನು ನಾನು, ಕೈ ಎತ್ತಿ ಜನರನ್ನು ಎಬ್ಬಿಸಿದವನೂ ನಾನೇ, ಅದಕ್ಕೆ ಕ್ಷಮಿಸಬೇಕು ಎಂದೆ. ಅವರು ತಲೆಯಾಡಿಸಿದರೇ ಹೊರತು “ಇರ್ಲಿ ಬಿಡ್ರಿ” ಎನ್ನಲಿಲ್ಲ. ಹಾಗೆ ಅನ್ನದಿದ್ದುದು ಒಳ್ಳೆಯದಾಯಿತೆಂದು ಈಗ ಅನ್ನಿಸುತ್ತದೆ. ಇಂಥ ಮಾತನ್ನು ನಮ್ಮಲ್ಲಿ ಬೇಗ ಹೇಳಿಬಿಡುತ್ತಾರೆ, ಆಮೇಲೆ ಯಾರೂ ಏನನ್ನೂ ಹೇಳಲು ಉಳಿಯುವುದಿಲ್ಲ.

ಹುಡುಗ ಕಟ್ಟೆಯಿಂದ ಎದ್ದು ನಿಂತ. ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ, “ಡೆಸ್ಕ್ ಅಳ್ಳಾಡ್ಸಿದ್ದು ತಪ್ಪಾಯ್ತ್ರಿ ಸರ್. ಬೈದದ್ದೂ ತಪ್ಪೇ ಅದ. ಬಾಲ್ ಮಾತ್ರ ಒಳಗ ಬಿದ್ದಿತ್ರಿ” ಎಂದ. ನನ್ನ ಎದೆ ಧಸಕ್ಕೆಂದಿತು. ಹಿರಿಯರು ಅವನನ್ನು ನೋಡಿದರು. “ಇರಬಹುದಪಾ” ಎಂದರು. “ನನಗ ಅಲ್ಲಿಂದ ಗೆರೀನೇ ಕಾಣ್ಲಿಲ್ಲ. ಆ ಹುಡುಗ ಬಾವುಟ ಎತ್ತಿದ, ನಾ ಅವನ ಮಾತು ನಂಬ್ದೆ. ಅವನೂ ನಿನ್ನಂಥ ಹುಡುಗನೇ ಅಲ್ಲ?” ಸ್ವಲ್ಪ ತಡೆದು ಮುಂದೆ ಹೇಳಿದರು: “ಬಾಲಿಂದು ನನಗೇನೂ ಇಲ್ಲ. ಅಳ್ಳಾಡ್ಸಿದಿ ನೋಡು, ಆಗ ಬಿದ್ದೆ ಅಂತಲೇ ತಿಳ್ಕೊಂಡೆ. ಮನ್ಯಾಗ ಸಣ್ಣ ಮಗಳು ವಿಡಿಯೊ ನೋಡ್ಯಾಳ. ಪಪ್ಪಾ, ನಿನಗ ಹೊಡದ್ರೇನು ಅಂತ ಕೇಳಿದಳು. ಹೊಡೀಲಿಲ್ಲ ಅಂದ್ರೂ ನಂಬ್ಲಿಲ್ಲ.”

ಇದಕ್ಕೆ ಹುಡುಗ ಏನೂ ಹೇಳಲಿಲ್ಲ. ಚಹಾ ಬಂತು, ಕುಡಿದೆವು. ಅವರು ಅವನ ಹಾರುವ ರೀತಿಯ ಬಗ್ಗೆ ನಾಲ್ಕು ಮಾತು ಹೇಳಿದರು: ಎಡಗಾಲನ್ನು ತಡವಾಗಿ ಊರುತ್ತೀ, ಅದಕ್ಕೆ ಚೆಂಡು ಉದ್ದ ಹೋಗುತ್ತದೆ. ಬಸ್ಸಿನಲ್ಲಿ ಅವನು ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದ. ತೊಗರಿಯ ಹೊಲಗಳು ಮುಗಿದು ಕಲ್ಲಿನ ಗಣಿಗಳು ಶುರುವಾಗುವ ಕಡೆ ನನ್ನ ಕಡೆ ತಿರುಗಿ, “ಆ ವಿಡಿಯೊ ತೆಗಸ್ಲಾಕ ಬರ್ತದೇನ್ರಿ ಸರ್?” ಎಂದು ಕೇಳಿದ. ನಮ್ಮ ಗುಂಪಿಗೆ ಅದನ್ನು ಹಾಕಿದವನಿಗೆ ಹೇಳಿ ತೆಗೆಸಬಹುದು, ಅಲ್ಲಿಂದ ಮುಂದೆ ಹೋದದ್ದನ್ನು ತೆಗೆಸಲು ಆಗುವುದಿಲ್ಲ ಎಂದೆ. ಮುಂದೆ ಕಳಿಸಿದವರಲ್ಲಿ ತಾನೂ ಒಬ್ಬ ಎಂದು ಅವನು ಹೇಳಿದ್ದು ಆಗಲೇ.

ಸೀಟಿ ಜೇಬಿಗೆ ಹೋದ ಮೇಲೆ

ಆಟ ನಡೆಯುವಾಗ ರೆಫರಿಯ ಕೈಯಲ್ಲಿ ಸೀಟಿ ಇರುತ್ತದೆ, ಕಾರ್ಡು ಇರುತ್ತದೆ. ಮುಗಿದ ಮೇಲೆ? ಫುಟ್‌ಬಾಲ್‌ನ ನಿಯಮ ಇದನ್ನು ಯೋಚಿಸಿದೆ. ಪಂದ್ಯ ಮುಗಿದರೂ ರೆಫರಿ ಮೈದಾನ ಬಿಟ್ಟು ಹೋಗುವವರೆಗೆ ಕಾರ್ಡು ತೋರಿಸುವ ಅಧಿಕಾರ ಅವರಿಗಿರುತ್ತದೆ. ಕ್ರಿಕೆಟ್‌ನಲ್ಲಿ 2017ರಲ್ಲಿ ಆಟಗಾರರ ನಡತೆಗೆಂದೇ 42ನೇ ನಿಯಮವನ್ನು ಸೇರಿಸಿ, ತಪ್ಪುಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಿದರು. ಅಂಪೈರ್‌ಗೆ ಹೊಡೆಯುವೆನೆಂದು ಬೆದರಿಸುವುದು ಎಲ್ಲಕ್ಕಿಂತ ಮೇಲಿನ ಹಂತದ್ದು. ಆದರೆ ತಾಲೂಕು ಮೈದಾನದಲ್ಲಿ ಹಗ್ಗದ ಆಚೆ ನಿಂತ ಇನ್ನೂರು ಜನರಿಗೆ ಯಾವ ಕಾರ್ಡೂ ಇಲ್ಲ. ಅಲ್ಲಿ ಬೇಕಾದದ್ದು ಒಬ್ಬ ಮನುಷ್ಯ, ಸರಿಯಾದ ಜಾಗದಲ್ಲಿ.

ಇದನ್ನು ಯೋಚಿಸುವಾಗ ನನಗೆ 1981ರ ಫೆಬ್ರವರಿಯ ಮೆಲ್ಬರ್ನ್ ಟೆಸ್ಟ್ ನೆನಪಾಗುತ್ತದೆ. ಡೆನಿಸ್ ಲಿಲಿಯ ಎಸೆತಕ್ಕೆ ಸುನಿಲ್ ಗವಾಸ್ಕರ್ 70 ರನ್ ಗಳಿಸಿದ್ದಾಗ ಎಲ್‌ಬಿಡಬ್ಲ್ಯು ಆದರು. ಚೆಂಡು ಬ್ಯಾಟಿಗೆ ತಾಗಿತ್ತೆಂಬುದು ಅವರ ನಂಬಿಕೆ. ಸಿಟ್ಟಿನಲ್ಲಿ ಜೊತೆಗಾರ ಚೇತನ್ ಚೌಹಾಣ್‌ರನ್ನೂ ಎಬ್ಬಿಸಿಕೊಂಡು ಮೈದಾನದಿಂದ ಹೊರಟರು. ಚೌಹಾಣ್ ಗೆರೆ ದಾಟಿದ್ದರೆ ಪಂದ್ಯವನ್ನೇ ಬಿಟ್ಟುಕೊಟ್ಟಂತಾಗುತ್ತಿತ್ತು. ತಂಡದ ವ್ಯವಸ್ಥಾಪಕರಾಗಿದ್ದ ದುರಾನಿಯವರು ಬೌಂಡರಿಯ ಹತ್ತಿರ ಬಂದು ನಿಂತು ಚೌಹಾಣ್‌ರನ್ನು ತಿರುಗಿ ಕಳಿಸಿದರು. ಭಾರತ ಆ ಪಂದ್ಯವನ್ನು 59 ರನ್‌ಗಳಿಂದ ಗೆದ್ದಿತು, ಗವಾಸ್ಕರ್ ಮುಂದೆ ತಮ್ಮ ನಡತೆಗೆ ಪಶ್ಚಾತ್ತಾಪಪಟ್ಟರು. ಅಂಪೈರ್ ಕೊಟ್ಟದ್ದು ಸರಿಯೋ ತಪ್ಪೋ ಎಂದು ವ್ಯವಸ್ಥಾಪಕರು ಆ ಹೊತ್ತಿನಲ್ಲಿ ವಿಚಾರಿಸುತ್ತ ಕೂಡಲಿಲ್ಲ. ಗೆರೆಯ ಹತ್ತಿರ ಬಂದರು, ಅಷ್ಟೇ. ನಮ್ಮ ತಾಲೂಕು ಫೈನಲ್‌ನಲ್ಲಿ ಆ ಜಾಗ ನನ್ನದಾಗಿತ್ತು.

ಆಮೇಲೆ ನನ್ನ ತಂಡದಲ್ಲಿ ಕೆಲವನ್ನು ಬದಲಿಸಿದ್ದೇನೆ. ಅನುಮಾನವಿದ್ದರೆ ರೆಫರಿಯನ್ನು ಕೇಳುವ ಹಕ್ಕು ನಾಯಕನಿಗೆ ಮಾತ್ರ ಇದೆ. ನಿಯಮವನ್ನು ಅನ್ವಯಿಸಿದ್ದರ ಬಗ್ಗೆ ಒಪ್ಪಿಗೆಯಿಲ್ಲದಿದ್ದರೆ ಅಲ್ಲೇ, ಆಗಲೇ ತಿಳಿಸಿ, ಪಂದ್ಯದ ಕೊನೆಗೆ ಸ್ಕೋರ್ ಶೀಟಿನಲ್ಲಿ ಆಕ್ಷೇಪ ಬರೆಸುವ ಅವಕಾಶವೂ ಅವನಿಗಿದೆ. ಚೆಂಡು ಒಳಗೋ ಹೊರಗೋ ಎಂಬ ಕಣ್ಣಿನ ನಿರ್ಣಯ ಇದರಿಂದ ತಿರುಗಿ ಬರುವುದಿಲ್ಲವೆಂದು ಹುಡುಗರಿಗೆ ಮುಚ್ಚಿಡದೆ ಹೇಳುತ್ತೇನೆ. ಆದರೂ ಕೇಳುವ ರೀತಿಯನ್ನು ಅಭ್ಯಾಸ ಮಾಡಿಸುತ್ತೇನೆ, ಸರ್ವಿಸ್ ಅಭ್ಯಾಸ ಮಾಡಿಸಿದಂತೆ. ಮೂರನೇ ಸೆಟ್ಟಿನಲ್ಲಿ 13–14 ಇಟ್ಟು ಆಡಿಸಿ, ಬೇಕೆಂದೇ ತಪ್ಪು ನಿರ್ಣಯ ಕೊಟ್ಟು, ನಾಯಕ ಒಬ್ಬನೇ ನಡೆದು ಬಂದು ಮಾತಾಡಬೇಕು, ಉಳಿದವರು ಹಿಂದಿನ ಗೆರೆಗೆ ಹೋಗಿ ನಿಲ್ಲಬೇಕು. ಪಂದ್ಯ ಮುಗಿದ ಮೇಲೆ ನಾಯಕ ರೆಫರಿಗಳಿಗೆ ವಂದಿಸಿ ಸ್ಕೋರ್ ಶೀಟಿಗೆ ಸಹಿ ಹಾಕಬೇಕೆಂಬುದೂ ನಿಯಮದಲ್ಲೇ ಇದೆ. ಸೋತ ದಿನ ಆ ಸಹಿ ಎಷ್ಟು ಭಾರವೆಂದು ನನಗೆ ಗೊತ್ತು, ಅದಕ್ಕೇ ಈಗ ಆ ಹೊತ್ತಿನಲ್ಲಿ ನಾಯಕನ ಪಕ್ಕದಲ್ಲಿ ಹೋಗಿ ನಿಲ್ಲುತ್ತೇನೆ. ಒಂದು ಪ್ರಯತ್ನ ಫಲಿಸಲಿಲ್ಲ. ಆ ಹುಡುಗನನ್ನು ತರಗತಿಗಳ ನಡುವಿನ ಪಂದ್ಯಗಳಿಗೆ ಲೈನ್ ಜಡ್ಜ್ ಮಾಡಿದ್ದೆ. ಎರಡು ದಿನ ನಿಂತ, ಮೂರನೇ ದಿನ ಬಾವುಟ ತಂದು ನನ್ನ ಮೇಜಿನ ಮೇಲಿಟ್ಟು, ಈ ಕೆಲಸ ತನ್ನಿಂದಾಗದೆಂದು ಹೇಳಿ ಹೋದ. ನಾನು ಒತ್ತಾಯ ಮಾಡಲಿಲ್ಲ. ಮಾರ್ಚ್‌ನಲ್ಲಿ ಪರೀಕ್ಷೆ ಬರೆದು ಶಾಲೆ ಬಿಟ್ಟ. ಈಗ ಕಲಬುರಗಿಯಲ್ಲಿ ಐಟಿಐ ಓದುತ್ತಿದ್ದಾನೆ, ಅಲ್ಲಿಯೂ ಆಡುತ್ತಾನಂತೆ.

ಕಳೆದ ವಾರ ತಾಲೂಕಿನ ದೈಹಿಕ ಶಿಕ್ಷಣ ಶಿಕ್ಷಕರ ಪೂರ್ವಭಾವಿ ಸಭೆಯಿತ್ತು. ಈ ಸಲ ಕೂಟ ನಮ್ಮ ಶಾಲೆಯ ಮೈದಾನದಲ್ಲಿ. ಊಟದ ಜವಾಬ್ದಾರಿ, ಪ್ರಮಾಣಪತ್ರ, ಮೈಕು, ಪ್ರಥಮ ಚಿಕಿತ್ಸೆ ಎಂದು ಸಮಿತಿಗಳ ಹೆಸರು ಬರೆಯುತ್ತಿದ್ದಾಗ ಇನ್ನೊಂದು ಸಾಲು ಸೇರಿಸಬೇಕೆಂದು ಕೇಳಿದೆ: ಪ್ರತಿ ಪಂದ್ಯ ಮುಗಿದ ಮೇಲೆ ರೆಫರಿಯವರು ಕೆಳಗಿಳಿದು ಕೋಣೆ ಸೇರುವವರೆಗೆ ಅವರ ಜೊತೆ ನಡೆಯುವವರು. ಅದಕ್ಕೆ ಪೊಲೀಸರಿಗೆ ಪತ್ರ ಬರೆದರಾಯಿತಲ್ಲ ಎಂದು ಒಬ್ಬರು ಹೇಳಿದರು. ಪೊಲೀಸರು ಬರಲಿ, ಆದರೆ ಜೊತೆಗೆ ನಡೆಯುವವರು ನಾವೇ ಆಗಬೇಕು, ಸಾಧ್ಯವಾದರೆ ಸೋತ ತಂಡದ ಶಿಕ್ಷಕರೇ ಆಗಬೇಕು ಎಂದೆ. ಇದರ ಬಗ್ಗೆ ಬಹಳ ಹೊತ್ತು ಮಾತಾಯಿತು. ಸೋತವರಿಗೆ ಅದು ಹೆಚ್ಚಿನ ನೋವಲ್ಲವೇ ಎಂದರು ಕೆಲವರು, ಊರಿನ ಜನ ನಮ್ಮ ಮೇಲೇ ತಿರುಗಿ ಬೀಳುತ್ತಾರೆ ಎಂದರು ಇನ್ನು ಕೆಲವರು. ಎರಡೂ ಆಗಬಹುದು. ಕೊನೆಗೆ ಫೈನಲ್ ಪಂದ್ಯಗಳಿಗಷ್ಟೇ ಈ ಏರ್ಪಾಡು ಇರಲಿ ಎಂದು ಒಪ್ಪಿದರು. ವಾಲಿಬಾಲ್ ಫೈನಲ್‌ನ ಮುಂದೆ ನನ್ನ ಹೆಸರು ಬರೆಸಿದ್ದೇನೆ. ನಮ್ಮ ತಂಡ ಆ ದಿನ ಅಲ್ಲಿ ಆಡುತ್ತಿರುತ್ತದೋ ಇಲ್ಲವೋ ತಿಳಿಯದು.